ಸೇನಾಪತಿಗೊಬ್ಬಳು ತಂಗಿ

ಬಿ.ಸಿ. ರೋಡಿನ ಒಂದು ಹಲ್ಲಿನ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ನಾನು ಯುದ್ಧಗಳನ್ನು ಬರೆದಿದ್ದೇನೆ. ಒಳಗೆ ಡ್ರಿಲ್ಲಿನ ಸದ್ದು, ಎದುರಿನ ಬೆಂಚಿನಲ್ಲಿ ದವಡೆ ಹಿಡಿದುಕೊಂಡು ಕೂತವರು, ಮೇಜಿನ ಕೆಳಗೆ ನನ್ನ ಮೊಬೈಲು. ಹೆಸರು ಕೂಗುವುದು, ಚೀಟಿ ಕೊಡುವುದು, ಮತ್ತೆ ಎರಡು ಸಾಲು ಬರೆಯುವುದು. ಯಾರೋ ಕಟ್ಟಿದ ಲೋಕವನ್ನೂ ಪಾತ್ರಗಳನ್ನೂ ಎತ್ತಿಕೊಂಡು ಅಭಿಮಾನಿಗಳು ಮುಂದುವರಿಸಿ ಬರೆಯುವ ಕಥೆಗಳಿಗೆ ಫ್ಯಾನ್ ಫಿಕ್ಷನ್ ಅನ್ನುತ್ತಾರೆ ಎಂಬುದು ನನಗೆ ಗೊತ್ತಾದದ್ದೇ ಬರೆಯಲು ಶುರುಮಾಡಿದ ಎಷ್ಟೋ ತಿಂಗಳ ಮೇಲೆ.

ನಾನು ಎತ್ತಿಕೊಂಡದ್ದು ಕನ್ನಡಕ್ಕೆ ಡಬ್ ಆಗಿ ಬರುತ್ತಿದ್ದ ಒಂದು ವಿದೇಶಿ ಧಾರಾವಾಹಿಯನ್ನು. ಉಪ್ಪಿನ ಮರುಭೂಮಿ, ಮಾತಾಡುವ ಹದ್ದುಗಳು, ರಾಜ್ಯ ಕಳೆದುಕೊಂಡ ಅರಸ. ಅದರಲ್ಲಿ ಒಬ್ಬ ಮುದಿ ಸೇನಾಪತಿ. ಅವನ ಸೊಂಟದಲ್ಲಿ ಯಾವಾಗಲೂ ಒಂದು ತೊಗಲಿನ ಚೀಲ, ಅದರಲ್ಲಿ ದ್ರಾಕ್ಷಾರಸ. ಕುಡಿದು ತೂರಾಡುತ್ತಲೇ ಕತ್ತಿ ಬೀಸಿ ಗೆಲ್ಲುತ್ತಾನೆ. ಅವನು ಚೀಲದ ಬಾಯಿ ಬಿಚ್ಚಿದರೆ ನೋಡುವವರಿಗೆಲ್ಲ ನಗು. ನಾನು ಕಥೆ ಹಾಕುತ್ತಿದ್ದ ಆ್ಯಪಿನಲ್ಲಿ ಬರೆಯುತ್ತಿದ್ದ ಬೇರೆ ಅಭಿಮಾನಿಗಳೂ ಅವನನ್ನು ಹಾಗೇ ಬರೆದರು. ಅಂಥ ಕಥೆಗಳಲ್ಲಿ ಎಲ್ಲರೂ ಕುಡಿಯುತ್ತಾರೆ. ಪಾನಗೃಹದಲ್ಲಿ ಗೆಳೆತನವಾಗುತ್ತದೆ, ಗುಟ್ಟು ಹೊರಬೀಳುತ್ತದೆ, ಪ್ರೀತಿ ಹುಟ್ಟುತ್ತದೆ. ಮರುದಿನ ಬೆಳಿಗ್ಗೆ ಯಾರಿಗೂ ಏನೂ ಆಗಿರುವುದಿಲ್ಲ.

ನನಗೆ ಆ ಸೇನಾಪತಿಯ ಮನೆಯ ಯೋಚನೆ. ಧಾರಾವಾಹಿಯಲ್ಲಿ ಅವನಿಗೊಂದು ಮನೆ ಉಂಟೆಂದೇ ತೋರಿಸಿರಲಿಲ್ಲ. ನಾನು ಅವನಿಗೆ ಹೆಂಡತಿ ಕೊಟ್ಟೆ, ಮುದಿ ತಾಯಿಯನ್ನು ಕೊಟ್ಟೆ. ಸಂಜೆಯಾದರೆ ಅವರಿಬ್ಬರೂ ಮಾತು ನಿಲ್ಲಿಸಿ ಕುದುರೆಯ ಗೊರಸಿನ ಸದ್ದಿಗೆ ಕಾಯುತ್ತಿದ್ದರು. ಸದ್ದು ನೆಟ್ಟಗೆ ಬಂದರೆ ಊಟ ಬಡಿಸುವುದು, ಅಡ್ಡಾದಿಡ್ಡಿ ಬಂದರೆ ದೀಪ ಸಣ್ಣದು ಮಾಡಿ ಒಳಗೆ ಸೇರುವುದು. ಇದನ್ನು ನಾನು ಕಲ್ಪಿಸಬೇಕಾಗಿರಲಿಲ್ಲ. ಮಡಂತ್ಯಾರಿನಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ ನಾನು, ಅಮ್ಮ, ಅತ್ತಿಗೆ ಮೂವರೂ ಅಣ್ಣನ ಸ್ಕೂಟರು ಗೇಟಿನ ಒಳಗೆ ಬರುವ ಸದ್ದನ್ನು ಹಾಗೇ ಕೇಳುತ್ತಿದ್ದೆವು.

ಅಣ್ಣ ವಯರಿಂಗ್ ಕೆಲಸದವನು. ನನಗಿಂತ ತುಂಬ ದೊಡ್ಡವನು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು, ಈ ತಾರಸಿ ಮನೆ ಕಟ್ಟಿಸಿದವನು. ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಹೊಸ ಮನೆ ಎಲ್ಲಿ ಎದ್ದರೂ ಅವನಿಗೆ ಕರೆ ಬರುತ್ತಿತ್ತು. ಕುಡಿತ ಯಾವಾಗ ದಿನದ ಅಭ್ಯಾಸವಾಯಿತೋ, ನಮಗೆ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಗಲಾಟೆ ಮಾಡುವವನಲ್ಲ. ಕೈ ಎತ್ತಿದವನಲ್ಲ. ಆದರೆ ಎದುರಿಗೆ ಕೂತಾಗ ಅವನು ಅಲ್ಲಿ ಇರುತ್ತಿರಲಿಲ್ಲ. ಆ ಧಾರಾವಾಹಿಯನ್ನು ನೋಡುವಾಗ ಮಾತ್ರ ಅವನು ನನ್ನ ಹಳೆಯ ಅಣ್ಣನಾಗಿರುತ್ತಿದ್ದ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಹದ್ದುಗಳ ಬಗ್ಗೆ ಜಗಳವಾಡುತ್ತಿದ್ದೆವು.

ನನ್ನ ಕಥೆಯನ್ನು ಅವನು ಓದುತ್ತಾನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಗಂಜಿಯ ಎದುರು ಕೂತವನು ತಲೆಯೆತ್ತದೆ ಹೇಳಿದ. ಮನೆಯಲ್ಲಿ ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿನ್ನ ಸೇನಾಪತಿಗೆ ಕುಡಿದ ಮೇಲೆ ಕೈ ನಡುಗ್ತದೆ ಅಂತ ಬರೆದಿದ್ದೀಯಲ್ಲ, ಅದು ತಪ್ಪು. ಕುಡಿಯುವ ಮೊದಲು ನಡುಗುವುದು. ಕುಡಿದ ಮೇಲೆ ನಿಲ್ತದೆ."

ಅತ್ತಿಗೆ ಉಪ್ಪಿನಕಾಯಿ ಬಡಿಸುತ್ತಿದ್ದವಳು ಕೈ ಹಿಂದಕ್ಕೆ ತೆಗೆದಳು.

"ಯಾವ ಸೇನಾಪತಿ?" ಅಂದರು ಅಮ್ಮ.

"ಮತ್ತೆ ಆ ದ್ರಾಕ್ಷಾರಸ ಅಂತ ಬರೆಯಬೇಡ ಮಾರಾಯ್ತಿ," ಅಂದ ಅಣ್ಣ. "ಅದನ್ನು ಓದಿದರೆ ಯಾರಿಗೆ ವಾಸನೆ ಬರ್ತದೆ? ಕಳ್ಳು ಅಂತ ಬರೆ. ಇಲ್ಲದಿದ್ದರೆ ಶರಾಬು ಅಂತ ಬರೆ."

ಅಷ್ಟೇ ಹೇಳಿ ಕೈತೊಳೆದುಕೊಂಡು ಹೋದ. ಅವನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ತಿಳಿಯದೆ ನಾನು ಎರಡು ವಾರ ಒಂದಕ್ಷರವೂ ಬರೆಯಲಿಲ್ಲ. ಕಡೆಗೆ ಅವನೇ ಕೇಳಿದ, "ಎಂತ, ಸೇನಾಪತಿ ಸತ್ತನಾ?" ಮತ್ತೆ ಶುರುಮಾಡಿದೆ. ಈಗ ಬರೆಯುವಾಗೆಲ್ಲ ಅವನ ಕಣ್ಣು ನನ್ನ ಹೆಗಲ ಮೇಲೆ ಇದ್ದಂತಾಗುತ್ತಿತ್ತು.

ಆ ವರ್ಷ ಬೆಳ್ತಂಗಡಿಯ ಹತ್ತಿರ ಒಂದು ಮದುವೆಯ ಹಾಲ್‌ನಲ್ಲಿ ಅವನು ಮಾಡಿದ ಕನೆಕ್ಷನ್ ತಪ್ಪಿ, ಅಡುಗೆಯವರೊಬ್ಬರಿಗೆ ಶಾಕ್ ಹೊಡೆಯಿತು. ಅವರು ಬದುಕಿದರು. ಆದರೆ ಕರೆಯುವವರು ಕಡಿಮೆಯಾದರು. ಅತ್ತಿಗೆ ಮಗಳನ್ನು ಕರೆದುಕೊಂಡು ಮೂಡುಬಿದಿರೆ ಹತ್ತಿರದ ಪುತ್ತಿಗೆಯ ತವರಿಗೆ ಹೋದಳು. ಹೋಗುವಾಗ ಅಳಲಿಲ್ಲ. ನನ್ನ ಕೈ ಹಿಡಿದು, "ಅವರು ಕುಡಿಯುವುದು ನಿಲ್ಲಿಸಿದರೆ ಫೋನ್ ಮಾಡು. ನಿಲ್ಲಿಸ್ತೇನೆ ಅಂತ ಹೇಳಿದರೆ ಮಾಡಬೇಡ," ಅಂದಳು.

ಅದೇ ದಿನಗಳಲ್ಲಿ ನನ್ನ ಕಥೆಯ ಓದುಗರು ಸೇನಾಪತಿ ಕುಡಿತ ಬಿಡಲಿ ಎಂದು ಹಟ ಹಿಡಿದಿದ್ದರು. ಮನಸ್ಸು ಮಾಡಿದರೆ ಅವನಿಗೆ ಯಾವುದು ದೊಡ್ಡದು, ವೀರನಲ್ಲವೇ ಎಂದೆಲ್ಲ ಬರೆಯುತ್ತಿದ್ದರು. ನನಗೂ ಅದೇ ಆಸೆ. ಸೇನಾಪತಿಯನ್ನು ಕಲ್ಲಿನ ಗೋಪುರಕ್ಕೆ ಹತ್ತಿಸಿದೆ. ಅವನು ಒಳಗಿನಿಂದ ಅಗುಳಿ ಹಾಕಿಕೊಂಡು, ಒಂದು ಕೊಡ ನೀರು ಮಾತ್ರ ಇಟ್ಟುಕೊಂಡು ಕೂತ. ಅವನು ಕೊಂದವರೆಲ್ಲ ಗೋಡೆಯಿಂದ ಎದ್ದು ಬಂದರು. ಅವನು ಕಿರುಚಿದ, ಬಾಗಿಲು ತೆಗೆಯಲಿಲ್ಲ. ಮೂರನೆಯ ಬೆಳಗಿಗೆ ಶಾಂತನಾಗಿ ಕೆಳಗಿಳಿದು ಬಂದ. ನಾನು ಬರೆದದ್ದರಲ್ಲೇ ಹೆಚ್ಚು ಜನ ಓದಿದ್ದು ಆ ಅಧ್ಯಾಯ. ಅಣ್ಣ ಅದರ ಬಗ್ಗೆ ಮಾತ್ರ ಏನೂ ಹೇಳಲಿಲ್ಲ.

ಒಂದು ಶನಿವಾರ ಸಂಜೆ ಅವನು ಬೇಗ ಬಂದ. ಸ್ಕೂಟರಿನ ಸದ್ದು ನೆಟ್ಟಗಿತ್ತು. ಒಂದು ಕೊಡ ನೀರು ತುಂಬಿಸಿಕೊಂಡು ಮೇಲಿನ ಕೋಣೆಗೆ ಹೋದ. ತಾರಸಿಯ ಮೇಲೆ ಅದೊಂದೇ ಕೋಣೆ, ವಯರಿನ ಸುರುಳಿ, ಪೈಪು, ಹಳೆಯ ಸ್ವಿಚ್ ಬೋರ್ಡುಗಳನ್ನು ಇಡುವ ಜಾಗ. ಅಮ್ಮ ಮೆಟ್ಟಿಲ ಬುಡದಲ್ಲಿ ನಿಂತು, "ಎಂತದು ಮಗಾ?" ಅಂದರು.

"ಇನ್ನು ಕುಡಿಯುವುದಿಲ್ಲ ಅಮ್ಮ. ನಾನಾಗಿ ಬರುವವರೆಗೆ ಯಾರೂ ಬಾಗಿಲು ತಟ್ಟಬೇಡಿ."

ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿತು. ಅಮ್ಮ ದೇವರ ಎದುರು ದೀಪ ಹಚ್ಚಿದರು. ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಫೋನ್ ಎತ್ತಿಕೊಂಡು ಅತ್ತಿಗೆಗೆ ತಿಳಿಸೋಣವೆಂದುಕೊಂಡೆ. ಅವಳು ಹೋಗುವಾಗ ಅಂದ ಮಾತು ನೆನಪಾಗಿ ಕೆಳಗಿಟ್ಟೆ.

ಭಾನುವಾರ ಬಾಗಿಲ ಹೊರಗೆ ಇಟ್ಟ ಗಂಜಿ ಹಾಗೇ ಇತ್ತು. ಒಳಗೆ ಅವನು ನಡೆಯುವ ಸದ್ದು, ಆ ಗೋಡೆಯಿಂದ ಈ ಗೋಡೆಗೆ. "ಅಣ್ಣ, ಹೇಗಿದ್ದೀ?" ಅಂದರೆ, "ಬೆವರು. ಪರವಾಗಿಲ್ಲ. ಹೋಗು," ಅಂದ. ಸೋಮವಾರ ಬೆಳಿಗ್ಗೆ ಕೇಳಿದಾಗ ಉತ್ತರ ತಡವಾಗಿ ಬಂತು, ಹಲ್ಲು ಕಟಕಟಿಸುತ್ತಿತ್ತು. ಅಮ್ಮ, "ನೀನು ಕೆಲಸಕ್ಕೆ ಹೋಗು, ಇವತ್ತೊಂದು ದಿನ ಕಳೆದರೆ ಆಯ್ತು," ಅಂದರು. ಅವರಿಗೆ ಮೂರನೆಯ ದಿನದ ಲೆಕ್ಕ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಅಣ್ಣನೇ ಹೇಳಿರಬೇಕು.

ಕ್ಲಿನಿಕ್ಕಿನಲ್ಲಿ ಎರಡು ಹೆಸರು ತಪ್ಪು ಕೂಗಿದೆ. ಡಾಕ್ಟರು ಹೊರಗೆ ಬಂದು, "ಎಂತಾಯ್ತು ಇವತ್ತು ನಿಮಗೆ?" ಅಂದರು. ಅಣ್ಣ ಕುಡಿತ ಬಿಟ್ಟು ಮೇಲಿನ ಕೋಣೆ ಸೇರಿದ ಸುದ್ದಿಯನ್ನು ಹೇಳಿದೆ. ಹೇಳುವಾಗ ಒಳ್ಳೆಯ ಸುದ್ದಿಯಂತೆಯೇ ಹೇಳಿದೆ. ಅವರ ಮುಖ ಬದಲಾಯಿತು.

"ದಿನಾ ಕುಡಿಯುವವರಾ?"

"ಹೌದು."

"ಎಷ್ಟೋ ವರ್ಷದಿಂದ? ಈಗ ಒಬ್ಬರೇ ಕೋಣೆಯಲ್ಲಿ? ಬಾಗಿಲು ಹಾಕಿಕೊಂಡು?" ಅವರು ಕೈಗವಸು ಎಳೆದು ತೆಗೆದರು. "ನೋಡಿ, ಅಷ್ಟು ಕುಡಿದ ಮೈ ಒಮ್ಮೆಲೇ ನಿಲ್ಲಿಸಿದರೆ ತಡೆದುಕೊಳ್ಳುವುದಿಲ್ಲ. ಇಲ್ಲದ್ದೆಲ್ಲ ಕಾಣ್ತದೆ, ಫಿಟ್ಸ್ ಬರ್ತದೆ. ಜೀವ ಹೋಗುವುದೂ ಉಂಟು. ಇದು ಮನಸ್ಸು ಗಟ್ಟಿ ಮಾಡಿ ಗೆಲ್ಲುವ ವಿಷಯ ಅಲ್ಲ, ಮದ್ದು ಬೇಕು. ಈಗಲೇ ಹೊರಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ."

ಬಸ್ಸಿಗೆ ಕಾಯುವ ಧೈರ್ಯ ಬರಲಿಲ್ಲ. ಸ್ಟ್ಯಾಂಡಿನಲ್ಲಿ ಮೊದಲು ಕಂಡ ರಿಕ್ಷಾ ಹತ್ತಿದೆ. ಓಡಿಸುತ್ತಿದ್ದವರು ಬಿಳಿ ಟೊಪ್ಪಿಯ ನಡುವಯಸ್ಸಿನ ಬ್ಯಾರಿ ಮುಸಲ್ಮಾನರು. ನನ್ನ ಮುಖ ನೋಡಿ ಬಾಡಿಗೆಯ ಮಾತೆತ್ತದೆ ಹೊರಟರು. ರಸ್ತೆ ಕೆಲಸದ ಧೂಳಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡು ರಿಕ್ಷಾ ತೆವಳುತ್ತಿತ್ತು. ಅಮ್ಮನಿಗೆ ಫೋನ್ ಮಾಡಿದೆ.

"ಅವ ಯಾರ ಹತ್ತಿರವೋ ಮಾತಾಡ್ತಾ ಇದ್ದಾನೆ," ಅಂದರು ಅಮ್ಮ. ದನಿ ಸಣ್ಣದಾಗಿತ್ತು. "ಒಳಗೆ ಯಾರೂ ಇಲ್ಲವಲ್ಲ ಮಗಾ."

ಮನೆ ತಲುಪಿ ನಾನು ಮೆಟ್ಟಿಲು ಹತ್ತಿ ಬಾಗಿಲಿಗೆ ಕೈಯಿಟ್ಟದ್ದೇ ತಡ, ಒಳಗಿನಿಂದ ಕೂಗು ಬಂತು.

"ಮುಟ್ಟಬೇಡ! ಬಾಗಿಲಿಗೆ ಕರೆಂಟ್ ಬಂದಿದೆ!"

"ಅಣ್ಣ, ನಾನು."

"ಗೋಡೆಯಲ್ಲೆಲ್ಲ ಬಂದಿದೆ. ವಯರು ಹರಿದಾಡ್ತಾ ಉಂಟು, ಕಾಣುವುದಿಲ್ಲವಾ ನಿನಗೆ? ಎಲ್ಲ ಲೈವ್. ಅಮ್ಮನನ್ನು ದೂರ ನಿಲ್ಲಿಸು."

ಬಾಗಿಲ ಪಕ್ಕದ ಕಿಟಕಿಯ ಸೀಳಿನಿಂದ ನೋಡಿದೆ. ಅವನು ಕೋಣೆಯ ನಡುವೆ ಒಂದು ಮರದ ಸ್ಟೂಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ, ನೆಲಕ್ಕೆ ಕಾಲು ತಾಗದಂತೆ. ಅಂಗಿ ಒದ್ದೆ. ಇಡೀ ಮೈ ನಡುಗುತ್ತಿತ್ತು. ಸುರುಳಿ ಸುತ್ತಿಟ್ಟ ವಯರುಗಳನ್ನು ಒಂದೊಂದಾಗಿ ನೋಡುತ್ತ, ಯಾವುದೋ ಹತ್ತಿರ ಬಂದಂತೆ ಹಿಂದಕ್ಕೆ ಸರಿಯುತ್ತಿದ್ದ. ಸ್ಟೂಲು ಓಲಾಡುತ್ತಿತ್ತು. ಅವನ ಬೆನ್ನ ಹಿಂದೆ ಸರಳಿಲ್ಲದ ದೊಡ್ಡ ಕಿಟಕಿ ತೆರೆದಿತ್ತು. ಅದರ ಕೆಳಗೆ ಅಂಗಳದ ಸಿಮೆಂಟು.

ರಿಕ್ಷಾದವರು ಹೋಗಿರಲಿಲ್ಲ. ಮೆಟ್ಟಿಲ ಮೇಲೆ ನನ್ನ ಹಿಂದೆ ಬಂದು ನಿಂತು, "ಅಕ್ಕ, ಒಂದು ಹಾರೆ ಉಂಟಾ? ಒಡೆಯುವ," ಎಂದು ಪಿಸುಗುಟ್ಟಿದರು.

ಅಣ್ಣನಿಗೆ ಕೇಳಿಸಿತು. "ಒಡೆದರೆ ನಾನು ಕಿಟಕಿಯಿಂದ ಹಾರ್ತೇನೆ. ಒಡೆದವರು ಸುಟ್ಟುಹೋಗ್ತಾರೆ, ಗೊತ್ತುಂಟಾ?"

ಅಮ್ಮ ಅಳುತ್ತ ಅವನ ಚಿಕ್ಕಂದಿನ ಹೆಸರು ಹಿಡಿದು ಕರೆದರು. ನಾನು ಮಗಳ ಹೆಸರೆತ್ತಿದೆ, ದೇವರ ಆಣೆ ಹಾಕಿದೆ. ಯಾವುದೂ ಅವನಿಗೆ ತಾಗಲಿಲ್ಲ. ಆಮೇಲೆ ಅವನೇ ಕೇಳಿದ, ಸಣ್ಣ ಹುಡುಗನ ದನಿಯಲ್ಲಿ.

"ಸೇನಾಪತಿ ಮೂರನೆಯ ಬೆಳಗಾಗುವ ಮೊದಲು ಹೊರಗೆ ಬಂದನಾ?"

ಬರಲಿಲ್ಲ. ಬಾರದ ಹಾಗೆ ಬರೆದವಳು ನಾನೇ.

"ಬಂದ," ಅಂದೆ. "ಹೊಸ ಅಧ್ಯಾಯ ಬರೆದಿದ್ದೇನೆ. ನೀನು ಇನ್ನೂ ಓದಿಲ್ಲ."

"ಸುಳ್ಳು."

"ಓದ್ತೇನೆ, ಕೇಳು." ಮೊಬೈಲು ತೆಗೆದು ಮುಖದ ಎದುರು ಹಿಡಿದೆ. ಪರದೆ ಕಪ್ಪಾಗಿತ್ತು. ಅದನ್ನೇ ನೋಡುತ್ತ ಓದುವವಳಂತೆ ಹೇಳತೊಡಗಿದೆ. "ಎರಡನೆಯ ಹಗಲು ಸೇನಾಪತಿಗೆ ಗೋಪುರದ ಗೋಡೆಗಳು ಬೆಂಕಿಯಾದಂತೆ ಕಂಡವು. ಇದು ಶತ್ರುಗಳ ಕೆಲಸವಲ್ಲ, ತನ್ನ ಮೈಯೊಳಗಿನ ವಿಷವೇ ಹೀಗೆ ಮಾಡುತ್ತಿದೆ ಎಂದು ಅವನಿಗೆ ತಿಳಿಯಿತು. ವೈದ್ಯನನ್ನು ಕರೆಯಿರಿ ಎಂದು ಅವನು ಕೂಗಿದ."

"ಅವನು ಕೂಗುವವನಲ್ಲ," ಅಂದ ಅಣ್ಣ. ಹಲ್ಲುಗಳ ನಡುವಿನಿಂದ ಮಾತು ಮುರಿದು ಬರುತ್ತಿತ್ತು. "ಅಷ್ಟು ಸುಲಭಕ್ಕೆ ಬಗ್ಗುವವನಲ್ಲ."

"ಮೊದಲು ಬಗ್ಗಲಿಲ್ಲ," ಎಂದು ತಿದ್ದಿದೆ. "ಬಾಗಿಲ ಹೊರಗೆ ಅವನ ತಂಗಿ ಬಂದು ನಿಂತಳು. ಅವಳು ಹೇಳಿದಳು..."

"ಸೇನಾಪತಿಗೆ ತಂಗಿ ಇಲ್ಲ."

"ಈಗ ಇದ್ದಾಳೆ. ನಾನು ಬರೆದೆ."

ಸ್ಟೂಲಿನ ಕಾಲು ನೆಲಕ್ಕೆ ಕುಟ್ಟುವ ಟಕಟಕ ಒಳಗಿನಿಂದ ಕೇಳುತ್ತಿತ್ತು.

"ಅವಳು ಎಂತ ಹೇಳಿದಳು?"

"ಒಂದು ದಿನದ ಮಟ್ಟಿಗೆ ಸೇನೆಯನ್ನು ನನಗೆ ಒಪ್ಪಿಸು ಅಣ್ಣ ಅಂದಳು. ನೀನು ಕಾವಲು ಕಾದು ಸಾಕಾಗಿದ್ದೀ, ಇವತ್ತು ನಾನು ಕಾಯ್ತೇನೆ ಅಂದಳು."

"ಬೆಂಕಿ? ಬೆಂಕಿಗೆ ಎಂತ ಮಾಡಿದಳು? ಬಾಗಿಲು ಮುಟ್ಟಿದರೆ ಸುಡುವುದಿಲ್ಲವಾ?"

ಕಪ್ಪು ಪರದೆಯಲ್ಲಿ ನನ್ನದೇ ಮುಖ ಕಾಣುತ್ತಿತ್ತು. ಒಳಗೆ ಫ್ಯಾನು ಗಡಗಡ ತಿರುಗುತ್ತಿತ್ತು. ಆ ಸದ್ದು ಕಿವಿಗೆ ಬಿದ್ದಾಗ ನನಗೆ ಹೊಳೆಯಿತು. ರಿಕ್ಷಾದವರ ಕಡೆ ತಿರುಗಿ ಕೆಳಗೆ ಜಗಲಿಯ ಗೋಡೆಯತ್ತ ಕೈತೋರಿಸಿದೆ. "ಮೇನ್ ಸ್ವಿಚ್," ಎಂದು ತುಟಿಯಲ್ಲೇ ಹೇಳಿದೆ. ಅವರು ಎರಡೆರಡು ಮೆಟ್ಟಿಲು ಹಾರಿ ಇಳಿದರು.

"ಅವಳು ಬೆಂಕಿಯ ಮೂಲಕ್ಕೇ ಹೋದಳು," ಅಂದೆ. "ಅದನ್ನೇ ಆರಿಸಿದಳು. ಈಗ ನೋಡು ಅಣ್ಣ, ಫ್ಯಾನು ನೋಡು."

ಕೆಳಗೆ ಟಕ್ ಎಂದಿತು. ಫ್ಯಾನಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಅಣ್ಣ ತಲೆಯೆತ್ತಿ ನಿಂತ ರೆಕ್ಕೆಗಳನ್ನು ನೋಡುವುದು ನನಗೆ ಸೀಳಿನಿಂದ ಕಾಣುತ್ತಿತ್ತು. ಇಪ್ಪತ್ತು ವರ್ಷ ಮಾಡಿದ ಕೆಲಸದ ಬುದ್ಧಿ ಆ ಜ್ವರದ ಒಳಗೂ ಎಲ್ಲೋ ಉಳಿದಿತ್ತು.

"ಮೇನ್ ಆಫಾ?" ಅಂದ.

"ಆಫ್. ಫ್ಯೂಸೂ ತೆಗೆಸ್ತೇನೆ."

"ತೆಗೆಸು. ಯಾರನ್ನೂ ನಂಬಬೇಡ, ಫ್ಯೂಸ್ ಕಿಸೆಯಲ್ಲಿ ಇಟ್ಟುಕೊ."

ರಿಕ್ಷಾದವರು ಫ್ಯೂಸು ತಂದು ಕಿಟಕಿಯ ಸೀಳಿನಲ್ಲಿ ತೋರಿಸಿದರು. ಅವನು ತುಂಬ ಹೊತ್ತು ಅದನ್ನು ನೋಡಿದ. ಆಮೇಲೆ ಒಂದು ಕಾಲು ನೆಲಕ್ಕಿಟ್ಟ, ಕಾದ, ಇನ್ನೊಂದು ಕಾಲಿಟ್ಟ. ಬಾಗಿಲವರೆಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿಯಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡ. ಅಗುಳಿ ಸರಿಯಿತು. ಅವನು ನನ್ನ ಮೇಲೆ ಬಿದ್ದಾಗ ಮೈ ಕೆಂಡದಂತಿತ್ತು.

ಬೆಳ್ತಂಗಡಿಯ ದಾರಿಯಲ್ಲಿ ಅವನಿಗೆ ಫಿಟ್ಸ್ ಬಂತು. ರಿಕ್ಷಾದ ಆ ಇಕ್ಕಟ್ಟಿನಲ್ಲಿ ಅಮ್ಮ ಅವನ ಕಾಲು ಹಿಡಿದರು, ನಾನು ತಲೆಯನ್ನು ತೊಡೆಯ ಮೇಲೆ ಪಕ್ಕಕ್ಕೆ ತಿರುಗಿಸಿ ಹಿಡಿದೆ. ಅವನ ಬಾಯಿಯಿಂದ ನೊರೆ ನನ್ನ ಯೂನಿಫಾರ್ಮಿನ ಮೇಲೆ ಹರಿಯುತ್ತಿತ್ತು. ರಿಕ್ಷಾದವರು ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅವರೇ ಒಳಗೆ ಓಡಿ ಸ್ಟ್ರೆಚರ್ ಎಳೆದುಕೊಂಡು ಬಂದರು.

ಇಂಜೆಕ್ಷನ್ ಕೊಟ್ಟು ಡ್ರಿಪ್ ಹಾಕಿದ ಮೇಲೆ ಡ್ಯೂಟಿಯ ಡಾಕ್ಟರು ನಮ್ಮನ್ನು ಕರೆದು, "ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟ ಇತ್ತು," ಅಂದರು. ಅಮ್ಮ, "ಅವ ಒಳ್ಳೆಯದಕ್ಕೇ ಬಿಟ್ಟದ್ದು ಸ್ವಾಮಿ," ಅಂದರು. "ಬಿಡುವುದು ಒಳ್ಳೆಯದೇ ಅಮ್ಮ. ಇಲ್ಲಿಗೆ ಬಂದು ಬಿಡಬೇಕು," ಅಂದರು ಅವರು.

ಅತ್ತಿಗೆಗೆ ಆ ಸಂಜೆ ಫೋನ್ ಮಾಡಿದೆ. ಮರುದಿನ ಬಂದಳು, ಮಗಳನ್ನು ಕರೆತಂದಿರಲಿಲ್ಲ. ವಾರ್ಡಿನ ಬಾಗಿಲಲ್ಲೇ ನಿಂತು, ಮಂಚಕ್ಕೆ ಬಟ್ಟೆಪಟ್ಟಿಯಿಂದ ಕಟ್ಟಿದ್ದ ಅವನ ಕೈಗಳನ್ನು ನೋಡಿದಳು. ಅವನಿಗೆ ಇನ್ನೂ ಎಚ್ಚರ ಸರಿಯಾಗಿರಲಿಲ್ಲ. ಹತ್ತಿರ ಹೋಗಿ ಹಣೆ ಮುಟ್ಟಿದಳು. ಹೊರಗೆ ಬಂದು ನನಗೆ ಹೇಳಿದಳು: "ಸಾಯಬಾರದು ಅಂತ ಹರಕೆ ಹೇಳಿಕೊಂಡೇ ಬಂದೆ. ಹಾಗಂತ ನಾಳೆಯೇ ಮನೆಗೆ ಬರ್ತೇನೆ ಅಂತ ಯಾರೂ ತಿಳಿಯುವುದು ಬೇಡ."

ಅವನು ಹತ್ತಿರ ಹತ್ತಿರ ಎರಡು ವಾರ ಅಲ್ಲಿದ್ದ. ಗೋಡೆಯ ಮೇಲಿನ ವಯರುಗಳು ಒಂದೊಂದಾಗಿ ಇಲ್ಲವಾದವು. ಎಚ್ಚರವಾದ ಮೇಲೆ ಅವನಿಗೆ ಬಾಗಿಲ ಹೊರಗಿನ ನನ್ನ ಕಥೆ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಗೋಪುರದ ಅಧ್ಯಾಯವನ್ನು ಆ್ಯಪಿನಿಂದ ತೆಗೆದೆ. ಅದರ ಜಾಗದಲ್ಲಿ ಸೇನಾಪತಿ ಬಾಗಿಲು ತೆಗೆದು ತಂಗಿಯ ಹೆಗಲು ಹಿಡಿದು ಇಳಿಯುವುದನ್ನು, ವೈದ್ಯನು ಕಹಿ ಕಷಾಯ ಕುಡಿಸುವುದನ್ನು, ದಿನಗಟ್ಟಲೆ ಅವನು ಮಲಗಿಯೇ ಇರುವುದನ್ನು ಬರೆದೆ. ಓದುಗರಿಗೆ ಸಿಟ್ಟು ಬಂತು. ನಮ್ಮ ವೀರನನ್ನು ರೋಗಿ ಮಾಡಿದಿರಿ, ಈ ತಂಗಿ ಎಲ್ಲಿಂದ ಬಂದಳು ಎಂದು ಕೇಳಿದರು. ಅರ್ಧಕ್ಕರ್ಧ ಜನ ಬಿಟ್ಟು ಹೋದರು. ಉಳಿದವರಲ್ಲಿ ಒಬ್ಬರು ಯಾರೋ, ಆ ವೈದ್ಯನಂಥವರು ನಿಜವಾಗಿ ಎಲ್ಲಿ ಸಿಗುತ್ತಾರೆ, ನಮ್ಮ ಅಪ್ಪನಿಗೆ ಬೇಕಿತ್ತು ಎಂದು ಬರೆದರು. ಅವರ ಊರು ಕೇಳಿ, ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬೇಡಿ ಎಂದು ಉತ್ತರ ಬರೆದೆ.

ಅಣ್ಣ ಮತ್ತೆ ಕೆಲಸಕ್ಕೆ ಹೋಗತೊಡಗಿದ, ಮೊದಲು ಬೇರೊಬ್ಬರ ಕೈಕೆಳಗೆ. ಅತ್ತಿಗೆ ಪುತ್ತಿಗೆಯಲ್ಲೇ ಇದ್ದಳು. ಭಾನುವಾರ ಅವನು ಮೂಡುಬಿದಿರೆಗೆ ಹೋಗಿ ಮಗಳನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಐಸ್‌ಕ್ರೀಮಿಗೆ ಕರೆದುಕೊಂಡು ಹೋಗಿ, ಕತ್ತಲಾಗುವ ಮೊದಲು ತವರಿನ ಗೇಟಿನವರೆಗೆ ಬಿಟ್ಟು ಬರುತ್ತಿದ್ದ. ನಮಗೆ ನೆಮ್ಮದಿ ಬಂತೆಂದು ಹೇಳಲಾರೆ. ಅಮ್ಮ ಅವನ ಅಂಗಿ ಒಗೆಯುವ ಮೊದಲು ಮೂಸಿ ನೋಡುವುದನ್ನು ನಾನು ಕಂಡಿದ್ದೇನೆ. ನಾನು ಕಂಡೆನೆಂದು ಅಮ್ಮನಿಗೂ ಗೊತ್ತು.

ಐದಾರು ತಿಂಗಳ ಮೇಲೆ ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಅವನು ಒಳಗೆ ಬಂದ. ರೋಗಿಗಳು ತುಂಬಿದ್ದರು. ಕೌಂಟರಿಗೆ ಬಂದು ಎರಡೂ ಕೈಗಳನ್ನು ಗಾಜಿನ ಮೇಲೆ ಇಟ್ಟ. ನಡುಕ ಗಾಜಿಗೆ ಇಳಿದು ಪೆನ್ನಿನ ಡಬ್ಬಿ ಗಿಲಗಿಲ ಅಂದಿತು. ಹಿಂದಿನ ರಾತ್ರಿಯ ಕುಡಿತದ ವಾಸನೆ ನನಗೆ ಬಂತು.

"ಮೂರು ದಿನ ಆಯ್ತು ಮತ್ತೆ ಶುರುವಾಗಿ," ಅಂದ, ಮೆಲ್ಲಗೆ. "ಅಮ್ಮನಿಗೆ ಗೊತ್ತಿಲ್ಲ. ಬಾ, ಬೆಳ್ತಂಗಡಿಗೆ ಹೋಗುವ. ಒಬ್ಬನೇ ಹೋದರೆ ದಾರಿಯಲ್ಲಿ ಎಲ್ಲಿಯಾದರೂ ಇಳಿದುಬಿಡ್ತೇನೆ."

ಡಾಕ್ಟರ ಹತ್ತಿರ ಹೇಳಿ ಹೊರಟೆ. ಬಸ್ಸಿನಲ್ಲಿ ಅವನನ್ನು ಕಿಟಕಿಯ ಕಡೆ ಕೂರಿಸಿ ನಾನು ದಾರಿಯ ಕಡೆ ಕೂತೆ. ಪೇಟೆ ಪೇಟೆಯಲ್ಲೂ ವೈನ್ ಶಾಪಿನ ಬೋರ್ಡು ಹತ್ತಿರವಾಗುತ್ತಿದ್ದಂತೆ ಅವನ ಮೊಣಕಾಲು ನನ್ನ ಮೊಣಕಾಲಿಗೆ ಒತ್ತುತ್ತಿತ್ತು, ಏಳಲು ಹೊರಟವನ ಹಾಗೆ. ನಾನು ಕಾಲು ಸರಿಸಲಿಲ್ಲ. ಮಡಂತ್ಯಾರಿನಲ್ಲಿ ಬಸ್ಸು ತುಂಬ ಹೊತ್ತು ನಿಂತಿತು. "ಒಂದೇ ನಿಮಿಷ, ನೀರು ತರ್ತೇನೆ," ಅಂದ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟೆ. ಕುಡಿಯಲಿಲ್ಲ. ಬಾಟಲಿಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಕಂಡಕ್ಟರು ಸೀಟಿ ಊದಿದ ಮೇಲೆ ಉಸಿರು ಬಿಟ್ಟ.

ಆಸ್ಪತ್ರೆಯ ಸ್ಟಾಪಿನಲ್ಲಿ ಅವನೇ ಮೊದಲು ಇಳಿದ. ಹೊರರೋಗಿಗಳ ಕಿಟಕಿಯಲ್ಲಿ ನನಗಿಂತ ಮುಂದೆ ನಿಂತು, ಏನು ತೊಂದರೆ ಎಂದು ಕೇಳಿದ ಹುಡುಗಿಗೆ, ಹಿಂದಿನ ಸಾಲಿನವರಿಗೂ ಕೇಳುವಷ್ಟು ದೊಡ್ಡದಾಗಿ, "ಕುಡಿತ," ಎಂದು ಹೇಳಿದ.